ಅಂಕಣದಿಂದ ಚದರಕ್ಕೆ: ನಮ್ಮ ಮನೆಯ ಕೋಣೆಗಳು ನಡೆದು ಬಂದ ದಾರಿ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಷೇರು, ಠೇವಣಿ, ಸಾಲ, ವಸೂಲಾತಿಗಳ ವಿವರ ಬೇರೆ ಪುಟಗಳಲ್ಲಿ ಇದ್ದೇ ಇದೆ. ಊರಿನ ದೇವಸ್ಥಾನ, ಕೆರೆ, ಶಾಲೆಗಳ ಚರಿತ್ರೆಯನ್ನು ತಿಳಿದವರು ಬರೆದಿದ್ದಾರೆ. ನಾವು ಇಲ್ಲಿ ಎತ್ತಿಕೊಂಡಿರುವುದು ತೀರ ಮನೆಯೊಳಗಿನ ವಿಷಯ. ನಾವು ಉಣ್ಣುವ, ಮಲಗುವ, ಅಡಿಗೆ ಮಾಡುವ ಕೋಣೆಗಳ ಉದ್ದ ಅಗಲ ಎಲ್ಲಿಂದ ಬಂತು, ಯಾರು ಗೊತ್ತುಮಾಡಿದರು ಎಂಬುದು. ರಾಜರ ಚರಿತ್ರೆ ಬರೆಯುವವರಿಗೆ ಇದು ಬೇಡದ ಮಾತಿರಬಹುದು. ಮನೆ ಸಾಲದ ಅರ್ಜಿ ಹಿಡಿದು ಸಂಘದ ಮೆಟ್ಟಿಲು ಹತ್ತುವ ಸದಸ್ಯ ಬಾಂಧವರಿಗೆ ಬೇಕಾದ ಮಾತೆಂದು ನಮ್ಮ ಭಾವನೆ.

ಈಗ ಯಾರಾದರೂ ಮನೆ ಕಟ್ಟಿಸುತ್ತಾರೆ ಅಂದ್ರೆ ನಾವು ಕೇಳುವ ಮೊದಲ ಪ್ರಶ್ನೆ, "ಎಷ್ಟು ಚದರ ಮಾರಾಯ್ರೆ?" ಎಂದು. ಹತ್ತಡಿಗೆ ಹತ್ತಡಿ, ಅಂದರೆ 100 ಚದರಡಿಗೆ ಒಂದು ಚದರ. ನಮ್ಮ ಅಜ್ಜಂದಿರು ಕೇಳುತ್ತಿದ್ದುದು, "ಎಷ್ಟು ಅಂಕಣ?" ಎಂದು. ಹೆಣ್ಣು ಕೊಡುವವರು ಸಹ ಗದ್ದೆ ಎಷ್ಟು, ದನ ಎಷ್ಟು ಎಂದು ವಿಚಾರಿಸಿದ ಮೇಲೆ ಮನೆ ಎಷ್ಟಂಕಣದ್ದು ಎಂದು ವಿಚಾರಿಸುತ್ತಿದ್ದರು. ಈ ಎರಡು ಪ್ರಶ್ನೆಗಳ ನಡುವೆ ನಮ್ಮ ಸೀಮೆಯ ಮನೆಗಳ ಚರಿತ್ರೆಯೆಲ್ಲ ಅಡಗಿದೆ ಎನ್ನಬಹುದು.

ಅಂಕಣ ಎಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ನಾಲ್ಕು ಕಂಬ ನಿಲ್ಲಿಸಿ, ಮೇಲೆ ಬೋದಿಗೆ ಇಟ್ಟು, ತೊಲೆ ಹಾಯಿಸಿದರೆ ನಡುವೆ ಸಿಗುವ ಚೌಕವೇ ಒಂದಂಕಣ. ಅದರ ಅಳತೆಯನ್ನು ಮನೆಯ ಯಜಮಾನರು ಗೊತ್ತುಮಾಡುತ್ತಿರಲಿಲ್ಲ, ಮರ ಗೊತ್ತುಮಾಡುತ್ತಿತ್ತು. ತೊಲೆ ಉದ್ದವಾದಷ್ಟೂ ನಡು ಬಗ್ಗುತ್ತದೆ. ಬಗ್ಗಬಾರದೆಂದರೆ ದಪ್ಪ ತೊಲೆ ಬೇಕು, ಅದನ್ನು ಕಾಡಿನಿಂದ ಎಳೆದು ತರಲು ಜೋಡಿ ಎತ್ತು ಬೇಕು, ಎತ್ತಿ ಕೂರಿಸಲು ಹತ್ತಾರು ಆಳು ಬೇಕು. ಹಾಗಾಗಿ ಒಂದಂಕಣ ಸುಮಾರು ಎಂಟು ಅಡಿ, ಹೆಚ್ಚೆಂದರೆ ಹತ್ತು ಅಡಿಯ ಹತ್ತಿರ ನಿಲ್ಲುತ್ತಿತ್ತು. ಕೈಯಲ್ಲಿ ಕಾಸಿದ್ದವರು ಅಂಕಣವನ್ನು ದೊಡ್ಡದು ಮಾಡುತ್ತಿರಲಿಲ್ಲ, ಅಂಕಣಗಳ ಸಂಖ್ಯೆ ಹೆಚ್ಚಿಸುತ್ತಿದ್ದರು. ಬಡವರದ್ದು ಎರಡಂಕಣ, ಮಧ್ಯಮದವರದ್ದು ಎಂಟಂಕಣ, ಪಟೇಲರದ್ದು ಹದಿನಾರು ಅಂಕಣ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ತುಂಗಾ ತೀರಕ್ಕೆ ಇರುವ ಶಿವಪ್ಪನಾಯಕನ ಅರಮನೆಯನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೆಸರು ಶಿವಪ್ಪನಾಯಕನದಾದರೂ ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದೆಂದು ಹೇಳುವವರಿದ್ದಾರೆ. ಯಾರದ್ದೇ ಆಗಲಿ, ಅಲ್ಲಿಯ ದರ್ಬಾರು ಸಭಾಂಗಣವೂ ಸಾಲು ಸಾಲು ಮರದ ಕಂಬಗಳ ಮೇಲೆಯೇ ನಿಂತಿದೆ. ಅರಮನೆ ಕಟ್ಟಿದವರಿಗೆ ಸಿಕ್ಕಿದ್ದು ಹೆಚ್ಚು ದಪ್ಪದ ಕಂಬ ಮತ್ತು ಚೆಂದದ ಕೆತ್ತನೆ. ತೊಲೆಯ ನಿಯಮ ಅವರಿಗೂ ತಪ್ಪಲಿಲ್ಲ.

ಶಿವಮೊಗ್ಗ, ಭದ್ರಾವತಿಗಳ ನಡುವಿನ ನಮ್ಮ ಸೀಮೆ ಅರೆಮಲೆನಾಡು. ಪಡುವಣಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಹೋದರೆ ಜಂಬಿಟ್ಟಿಗೆ ಗೋಡೆ, ಇಳಿಜಾರು ಮಾಡು, ಅಂಗಳದ ಸುತ್ತ ತೊಟ್ಟಿಮನೆ. ಮೂಡಣಕ್ಕೆ ಚನ್ನಗಿರಿ, ಹೊನ್ನಾಳಿಯ ಕಡೆ (1997ರವರೆಗೆ ಅವೂ ನಮ್ಮ ಜಿಲ್ಲೆಯವೇ) ಮಣ್ಣಿನ ಮಾಳಿಗೆ ಮನೆ. ನಮ್ಮಲ್ಲಿ ಎರಡೂ ಉಂಟು. ಒಳಗಿನ ಏರ್ಪಾಡು ಮಾತ್ರ ಹೆಚ್ಚು ಕಡಿಮೆ ಒಂದೇ. ಮುಂದೆ ಜಗಲಿ, ಅದರ ಹಿಂದೆ ನಡುಮನೆ, ಪಕ್ಕಕ್ಕೆ ಒಂದೋ ಎರಡೋ ಕೋಣೆ, ಒಳಗೆ ದೇವರ ಗೂಡು ಮತ್ತು ಅಡಿಗೆ ಮನೆ, ಹಿತ್ತಿಲಿಗೆ ಬಚ್ಚಲು, ಒಂದು ಮಗ್ಗುಲಿಗೆ ಕೊಟ್ಟಿಗೆ, ಮೇಲೆ ಅಟ್ಟ. ನಡುಮನೆ ಮೂರಂಕಣದ್ದಾದರೆ ಎಂಟಡಿ ಅಗಲ, ಇಪ್ಪತ್ತನಾಲ್ಕು ಅಡಿ ಉದ್ದ. ಅಲ್ಲೇ ಊಟ, ಅಲ್ಲೇ ಮದುವೆಯ ಮಾತುಕತೆ, ಅಲ್ಲೇ ಭತ್ತದ ಚೀಲ, ರಾತ್ರಿ ಅಲ್ಲೇ ಚಾಪೆ. ಮಲಗುವುದಕ್ಕೆಂದೇ ಒಂದು ಕೋಣೆ ಎಂಬ ಮಾತು ಆಗ ಇರಲಿಲ್ಲ. ಕೋಣೆ ಇದ್ದದ್ದು ಪೆಟ್ಟಿಗೆ ಇಡಲಿಕ್ಕೆ, ಬಾಣಂತಿಗೆ, ಹೊಸದಾಗಿ ಮದುವೆಯಾದವರಿಗೆ. ಉಳಿದವರು ನಡುಮನೆಯಲ್ಲಿ, ಗಂಡಸರು ಜಗಲಿಯಲ್ಲಿ. ಚಾಪೆ ಸುತ್ತಿಟ್ಟರೆ ಮಲಗುವ ಮನೆ ಮತ್ತೆ ಊಟದ ಮನೆ.

"ಹಳೇ ಕಾಲದ ಮನೆಗಳು ಎಷ್ಟು ವಿಶಾಲ ಇದ್ವು" ಎಂದು ಈಗ ಹೇಳುವವರು ಬಹಳ. ಅವರು ಪಟೇಲರ ಮನೆಯನ್ನು ನೆನಪಿಟ್ಟುಕೊಂಡು ಮಾತಾಡುತ್ತಾರೆ. ಅದೇ ಊರಿನ ಹೊರಗೆ ಕೂಲಿಯವರ ಒಂದಂಕಣದ ಹುಲ್ಲಿನ ಮನೆಗಳಿದ್ದವು. ಎಂಟಡಿಗೆ ಎಂಟಡಿ, ಅಂದರೆ 64 ಚದರಡಿ. ಅದರಲ್ಲೇ ಒಲೆ, ರಾಗಿ ಗಡಿಗೆ, ಕೋಳಿ, ಐದಾರು ಜನ. ಆ ಮನೆಗಳು ಉಳಿದಿಲ್ಲವಾದ್ದರಿಂದ ನಮ್ಮ ನೆನಪಿನಿಂದಲೂ ಹೋಗಿವೆ. ಉಳಿದ ಮನೆಗಳನ್ನಷ್ಟೇ ನೋಡಿ ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವುದು ಸರಿಯಲ್ಲ. ದೊಡ್ಡ ಮನೆಯಲ್ಲಿಯೂ ಅಡಿಗೆ ಮನೆ ಹಿಂದಿನ ಕತ್ತಲೆಯ ಅಂಕಣ. ಬೆಳಕಿಗೆ ಒಂದು ಗವಾಕ್ಷಿ. ಒಲೆಯ ಹೊಗೆ ಮೇಲಕ್ಕೆ ಹತ್ತಿ ಮಾಡಿನ ಪಕಾಸಿಗೆ ಹುಳ ಬೀಳದಂತೆ ಕಾಯುತ್ತಿತ್ತು ನಿಜ, ಮರ ಉಳಿಯಿತು. ಒಲೆಯ ಮುಂದೆ ಕೂತವರ ಕಣ್ಣಿನ ಕಥೆ ಏನಾಯಿತು ಎಂಬುದನ್ನು ಪ್ರತಿ ಮನೆಯ ಅಜ್ಜಿಯನ್ನು ಕೇಳಬೇಕು.

ಇನ್ನು ಆಯದ ವಿಷಯ. ಮರ ಒಂದು ಕಡೆಯಿಂದ ಅಳತೆ ಹಿಡಿದರೆ ಆಯ ಇನ್ನೊಂದು ಕಡೆಯಿಂದ ಹಿಡಿಯಿತು. ನಮ್ಮ ಕಡೆ ಬಳಕೆಯಲ್ಲಿರುವ ಲೆಕ್ಕ ಹೀಗೆ: ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಒಂದು, ಮೂರು, ಐದು, ಏಳು ಒಳ್ಳೆಯವು, ಉಳಿದವು ಬೇಡ. ಒಂಬತ್ತಕ್ಕೆ ಹನ್ನೊಂದು ಅಡಿ ಕೋಣೆಯಾದರೆ 99, ಒಂಬತ್ತರಿಂದ ಗುಣಿಸಿದರೆ 891, ಎಂಟರಿಂದ ಭಾಗಿಸಿದರೆ ಮೂರು ಉಳಿಯುತ್ತದೆ, ಸಿಂಹಾಯ. ಹತ್ತಕ್ಕೆ ಹನ್ನೆರಡು ಎಂದರೆ 1080, ಶೇಷ ಸೊನ್ನೆ, ಕಾಕಾಯ.

ಗಣಿತ ಬಲ್ಲ ನಮ್ಮ ಸದಸ್ಯ ಮೇಷ್ಟರೊಬ್ಬರು ತೋರಿಸಿಕೊಟ್ಟ ಹಾಗೆ ಇದರಲ್ಲಿ 9ರಿಂದ ಗುಣಿಸುವ ಅಗತ್ಯವೇ ಇಲ್ಲ, ಗುಣಿಸಿದರೂ ಗುಣಿಸದಿದ್ದರೂ ಎಂಟರ ಶೇಷ ಒಂದೇ ಬರುತ್ತದೆ. ಇಡೀ ಶಾಸ್ತ್ರದ ಸಾರ ಇಷ್ಟೇ. ಉದ್ದ, ಅಗಲ ಎರಡೂ ಬೆಸ ಸಂಖ್ಯೆಯ ಅಡಿಯಾಗಿದ್ದರೆ ಆಯ ಯಾವತ್ತೂ ಕೆಡುವುದಿಲ್ಲ. ಎರಡರಲ್ಲಿ ಒಂದು ಸಮ ಸಂಖ್ಯೆಯಾದರೂ ಕೆಟ್ಟಿತು. ಹಾಗಾಗಿಯೇ ಹಳೆಯ ಆಚಾರ್ರ ಬಾಯಲ್ಲಿ ಒಂಬತ್ತು, ಹನ್ನೊಂದು, ಹದಿಮೂರು ಎಂಬ ಅಳತೆಗಳೇ ಹೆಚ್ಚು. ಆಯ ನಂಬುವವರು ನಂಬಲಿ, ಬಿಡುವವರು ಬಿಡಲಿ, ಅದು ಅವರವರ ಮನಸ್ಸು. ಆದರೆ ಗೋಡೆಯ ಹೊರಮೈಯಿಂದ ಅಳೆಯಬೇಕೋ ಒಳಮೈಯಿಂದಲೋ ಎಂಬ ಜಗಳದಲ್ಲಿ ಪಾಯ ಅಗೆಯುವುದು ತಿಂಗಳುಗಟ್ಟಲೆ ನಿಂತದ್ದನ್ನು ನಾವು ಕಂಡಿದ್ದೇವೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಾದರೆ ಹೊರಗಿನ ಹದಿನಾಲ್ಕು ಅಡಿ ಒಳಗೆ ಹನ್ನೊಂದಾಗುತ್ತದೆ. ಜಗಳಕ್ಕೆ ಕಾರಣ ಇಲ್ಲದಿಲ್ಲ.

ಬದಲಾವಣೆ ಬಂದದ್ದು ಭದ್ರಾವತಿಯ ದಾರಿಯಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು 1899ರಲ್ಲಿ ಬಂತು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಗಿ, 1923ರಲ್ಲಿ ಉತ್ಪಾದನೆ ಶುರುವಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಣ ಕಾಡಿನಿಂದ ಇದ್ದಿಲಿಗೆ ಸೌದೆ. ಅಲ್ಲಿಯವರೆಗೆ ತೊಲೆಯಾಗುತ್ತಿದ್ದ ಮರ ಇದ್ದಿಲಾಗತೊಡಗಿತು ಎಂದರೂ ಸರಿಯೇ. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಸಾವಿರಾರು ಜನ ತಿಂಗಳ ಸಂಬಳಕ್ಕೆ ಸೇರಿದರು. ಅವರಿಗೆ ಮನೆ ಬೇಕಾಯಿತು. ನ್ಯೂಟೌನ್, ಕಾಗದನಗರಗಳ ಸಾಲು ಮನೆಗಳು ಹುಟ್ಟಿದ್ದು ಹೀಗೆ. ನ್ಯೂಟೌನಿನ ಯೋಜನೆಯಲ್ಲಿ ಕೈಯಿದ್ದವರು ಆಟೋ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ವಾಸ್ತುಶಿಲ್ಪಿ. ಹಿಟ್ಲರನ ಆಳ್ವಿಕೆಯಿಂದಾಗಿ ದೇಶ ಬಿಟ್ಟು ಬಂದು 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದರು. ಟಾಟಾದವರ ಜಂಷೆಡ್‌ಪುರಕ್ಕೂ, ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರಕ್ಕೂ ಯೋಜನೆ ಹಾಕಿದವರು ಇವರೇ. ಅಂಥವರ ಕೈ ನಮ್ಮ ಪಕ್ಕದ ಊರಿನ ಮೇಲೂ ಆಡಿದೆ ಎಂಬುದನ್ನು ಭದ್ರಾವತಿಯವರೇ ಬಹಳ ಮಂದಿ ಅರಿಯರು.

ಕ್ವಾರ್ಟರ್ಸಿನ ಹೊಸತನ ಏನೆಂದರೆ, ಮನೆಯ ಅಳತೆ ಮನೆಯವರ ಸಂಖ್ಯೆಯ ಮೇಲಲ್ಲ, ಕೆಲಸದ ಗ್ರೇಡಿನ ಮೇಲೆ ನಿಂತಿತು. ಫಿಟ್ಟರಿಗೆ ಇಷ್ಟು, ಫೋರ್‌ಮನ್ನರಿಗೆ ಇಷ್ಟು, ಆಫೀಸರಿಗೆ ಇಷ್ಟು. ಎಂಟು ಮಕ್ಕಳಿದ್ದರೂ ಅಷ್ಟೇ, ಮಕ್ಕಳೇ ಇಲ್ಲದಿದ್ದರೂ ಅಷ್ಟೇ. ಕೊಟ್ಟಿಗೆ ಇಲ್ಲ, ಭತ್ತ ತುಂಬುವ ಪಣತ ಇಲ್ಲ, ಸಂಬಳದ ಮನೆಗೆ ಅವು ಬೇಕಾಗಿಯೂ ಇರಲಿಲ್ಲ. ಹಳ್ಳಿಯಲ್ಲಿ ಹೆಸರೇ ಇಲ್ಲದ ಒಂದು ಕೋಣೆ, ಬಾಗಿಲು ಹಾಕಿಕೊಂಡು ಗಂಡ ಹೆಂಡತಿ ಮಲಗುವ ರೂಮು, ಅಲ್ಲಿ ಸಂಬಳಗಾರರಿಗೆಲ್ಲ ದೊರೆಯಿತು. ನಮ್ಮ ಹಳ್ಳಿಗಳಿಂದ ಕೆಲಸಕ್ಕೆ ಸೇರಿದವರು ರಜೆಗೆ ಬಂದಾಗ, "ಇಲ್ಲಿ ಒಂದು ರೂಮಿಲ್ವಲ್ಲ" ಎಂದು ನಡುಮನೆಗೆ ಹಲಗೆಯ ಮರೆ ಕಟ್ಟಿಸಿದರು. ಹಜಾರ 'ಹಾಲ್' ಆಯಿತು, ಕೋಣೆ 'ರೂಮು' ಆಯಿತು. ಹೆಸರು ಬದಲಾದಾಗ ಬಳಕೆಯೂ ಬದಲಾಗುತ್ತದೆ. ಹಾಲಿನಲ್ಲಿ ಭತ್ತದ ಚೀಲ ಇಡಲು ಯಾರಿಗೂ ಮನಸ್ಸು ಬಾರದು.

ಕಾರ್ಖಾನೆ ಕೊಟ್ಟ ಇನ್ನೊಂದು ವಸ್ತು ಸಿಮೆಂಟು ಮತ್ತು ಕಬ್ಬಿಣದ ಸರಳು. ಮೋಲ್ಡು ಹಾಕುವುದು ನಮ್ಮ ಹಳ್ಳಿಗಳಿಗೆ ಬರಲು ಇನ್ನೂ ಮೂವತ್ತು ನಲವತ್ತು ವರ್ಷ ಹಿಡಿಯಿತೆನ್ನಿ. ನಾಲ್ಕರಿಂದ ಐದು ಇಂಚು ದಪ್ಪದ ತಾರಸಿ ಹತ್ತು ಹನ್ನೆರಡು ಅಡಿ ಅಗಲದ ಕೋಣೆಯ ಮೇಲೆ ತೊಲೆಯಿಲ್ಲದೆ ನಿಲ್ಲುತ್ತದೆ. ಅದಕ್ಕಿಂತ ಅಗಲ ಬೇಕೆಂದರೆ ಬೀಮು, ಹೆಚ್ಚು ಸರಳು, ಹೆಚ್ಚು ದುಡ್ಡು. ಮರದ ಎಂಟಡಿ ಹೋಗಿ ಕಬ್ಬಿಣದ ಹತ್ತು ಹನ್ನೆರಡು ಅಡಿ ಬಂತು, ಅಷ್ಟೇ.

ಈ ನಡುವೆ ಹಳ್ಳಿಯ ಹಳೆಯ ಮನೆಗಳು ಒಡೆಯತೊಡಗಿದವು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ಶರಾವತಿ ಕಣಿವೆಯಿಂದ ಎಬ್ಬಿಸಲ್ಪಟ್ಟ ಸಂಸಾರಗಳು ಶಿವಮೊಗ್ಗದ ಸುತ್ತಮುತ್ತ ಬಂದು ನೆಲೆ ನಿಂತವು. ಮನೆ ಬಿಚ್ಚಿ ಕಂಬ, ಬಾಗಿಲು ತಂದವರೂ ಇದ್ದರು. ತಂದ ಕಂಬಕ್ಕೆ ತಕ್ಕ ಅಂಗಳ ಸಿಗಲಿಲ್ಲ. 1974ರ ಭೂಸುಧಾರಣೆಯ ಮೇಲೆ ಗೇಣಿದಾರರು ಒಡೆಯರಾದರು, ಒಂದಂಕಣದ ಗುಡಿಸಲು ಬಿಟ್ಟು ಹೆಂಚಿನ ಮನೆ ಕಟ್ಟಿದರು. ನಮ್ಮ ಸೀಮೆಯಲ್ಲಿ ಮನೆ ಎಂಬುದು ನಿಜವಾಗಿ ಬೆಳೆದದ್ದು ಆಗಲೇ. ಅತ್ತ ದೊಡ್ಡ ಮನೆಗಳಲ್ಲಿ ಅಣ್ಣತಮ್ಮಂದಿರ ಪಾಲು. ಪಾಲಿಗೆ ಬಂದದ್ದು ಅಂಕಣದ ಲೆಕ್ಕದಲ್ಲೇ. ಹನ್ನೆರಡಂಕಣದ ಮನೆಗೆ ಮೂವರು ಅಣ್ಣತಮ್ಮಂದಿರಾದರೆ ತಲೆಗೆ ನಾಲ್ಕು. ನಡುಮನೆಗೆ ಎರಡು ಗೋಡೆ ಎದ್ದವು, ಅಡಿಗೆ ಮನೆ ಇದ್ದ ಪಾಲು ಒಬ್ಬರಿಗೆ, ಬಚ್ಚಲು ಇನ್ನೊಬ್ಬರಿಗೆ. ಸಿಗದವರು ಜಗಲಿಯ ಮೂಲೆಯಲ್ಲೇ ಒಲೆ ಹೂಡಿದರು. ಎಷ್ಟೋ ಮನೆಗಳಲ್ಲಿ ಆ ಒಲೆ ಅಲ್ಲೇ ಉಳಿಯಿತು.

ಶಿವಮೊಗ್ಗ ಪೇಟೆ ಬೆಳೆದದ್ದು ಬಡಾವಣೆಗಳಿಂದ. ದುರ್ಗಿಗುಡಿ, ತಿಲಕನಗರಗಳ ಆಚೆ ವಿನೋಬನಗರ, ಗೋಪಾಳ ಎಂದು ಊರು ಹಬ್ಬಿತು. ಅಲ್ಲಿ ಎಲ್ಲರ ಬಾಯಲ್ಲೂ ಮೂವತ್ತು ನಲವತ್ತರ ಸೈಟು. ಅಂದರೆ 1200 ಚದರಡಿ. (ಆಯ ನೋಡುವವರು ಈ 1200ನ್ನು ಎಂಟರಿಂದ ಭಾಗಿಸಿ ನೋಡಲಿ. ಸೊನ್ನೆ! ಬಡಾವಣೆಗೆ ಬಡಾವಣೆಯೇ ಕಾಕಾಯ. ಆದರೂ ಸೈಟಿಗೆ ಗಿರಾಕಿ ಕಡಿಮೆಯಾಗಲಿಲ್ಲ.) ಈ ಸೈಟಿನಲ್ಲಿ ಗಾಳಿ ಬೆಳಕಿಗೆ ಎರಡು ಬದಿಯಲ್ಲೂ ಮೂರು ಮೂರಡಿ ಬಿಟ್ಟರೆ ಮನೆಯ ಅಗಲ 24 ಅಡಿ. ಒಂಬತ್ತಿಂಚಿನ ಮೂರು ಗೋಡೆಗೆ ಎರಡೂಕಾಲು ಅಡಿ ಹೋಯಿತು. ಉಳಿದದ್ದು 21 ಅಡಿ 9 ಇಂಚು. ಹಾಲಿಗೆ ಹನ್ನೊಂದೂ ಮುಕ್ಕಾಲು ಕೊಟ್ಟರೆ ಪಕ್ಕದ ರೂಮಿಗೆ ಹತ್ತು. ನಮ್ಮ ಸೀಮೆಯ ಮನೆಗಳಲ್ಲಿ ಹತ್ತಕ್ಕೆ ಹತ್ತರ ರೂಮು ಇಷ್ಟೊಂದು ಏಕೆ ಎಂದರೆ ಉತ್ತರ ಇದು. ಯಾರೂ ಕೂತು ಯೋಚಿಸಿದ್ದಲ್ಲ, ಸೈಟನ್ನು ಭಾಗಿಸಿದಾಗ ಉಳಿದದ್ದು. ಹಳ್ಳಿಯಲ್ಲಿ ಎಕರೆಗಟ್ಟಲೆ ಜಾಗ ಇದ್ದವರೂ ಪೇಟೆಯ ಇಂಜಿನಿಯರರ ನಕ್ಷೆ ತಂದು ಅದೇ ಹತ್ತಕ್ಕೆ ಹತ್ತು ಕಟ್ಟಿಸುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಸರ್ಕಾರದ ಕಡೆಯಿಂದಲೂ ಅಳತೆಗಳು ಬಂದವು. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬುದು 1970ರಲ್ಲಿ ಮೊದಲು ಪ್ರಕಟವಾಗಿ, ಮುಂದೆ ಹಲವು ಸಲ ಪರಿಷ್ಕರಣೆಯಾಗಿದೆ. ಅದರ ಪ್ರಕಾರ ವಾಸದ ಕೋಣೆ 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರ್ ಇರಬೇಕು. ಎರಡು ಕೋಣೆ ಇದ್ದರೆ ಎರಡನೆಯದು 7.5 ಚದರ ಮೀಟರ್ ಆಗಬಹುದು. ಎತ್ತರ 2.75 ಮೀಟರ್. ನಮ್ಮ ಭಾಷೆಗೆ ತಂದುಕೊಂಡರೆ ಮೊದಲ ಕೋಣೆ ಸುಮಾರು 102 ಚದರಡಿ, ಅದೇ ಹತ್ತಕ್ಕೆ ಹತ್ತು. ಎರಡನೆಯದು 81 ಚದರಡಿ, ಒಂಬತ್ತಕ್ಕೆ ಒಂಬತ್ತು. ಎತ್ತರ ಒಂಬತ್ತು ಅಡಿ. ಅಡಿಗೆ ಮನೆಗೆ ಹೇಳಿರುವುದು 5 ಚದರ ಮೀಟರ್, ಅಗಲ 1.8 ಮೀಟರ್. ಅಂದರೆ 54 ಚದರಡಿ, ಆರಡಿಗೆ ಒಂಬತ್ತು. ಬಚ್ಚಲಿಗೆ 1.8 ಚದರ ಮೀಟರ್, ಸುಮಾರು 19 ಚದರಡಿ. ಇವೆಲ್ಲ 'ಇದಕ್ಕಿಂತ ಕಡಿಮೆ ಬೇಡ' ಎಂಬ ಅಳತೆಗಳು. ನಮ್ಮಲ್ಲಿ ಇವು 'ಇಷ್ಟಿದ್ದರೆ ಸಾಕು' ಎಂಬ ಅಳತೆಗಳಾಗಿಬಿಟ್ಟಿವೆ. ಅಡಿಗೆ ಮನೆಯ 54 ಚದರಡಿ ಹಳೆಯ ಒಂದಂಕಣದ 64ಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು.

ಬಡವರ ಮನೆಗಳ ಕಥೆಯೂ ಅಳತೆಯ ಕಥೆಯೇ. ದೇವರಾಜ ಅರಸು ಅವರ ಕಾಲದ ಜನತಾ ಮನೆ, 1990ರ ದಶಕದ ಆಶ್ರಯ ಮನೆ, ಇಂದಿರಾ ಆವಾಸ್, ಈಗ ಪ್ರಧಾನಮಂತ್ರಿ ಆವಾಸ್. ಗ್ರಾಮೀಣ ಆವಾಸ್ ಮನೆಯ ಕನಿಷ್ಠ ಅಳತೆಯನ್ನು 2016ರಲ್ಲಿ 20 ಚದರ ಮೀಟರಿನಿಂದ 25ಕ್ಕೆ ಏರಿಸಿದರು, ಅಡಿಗೆಗೆ ಶುಚಿಯಾದ ಜಾಗವೂ ಸೇರಿ. 25 ಚದರ ಮೀಟರ್ ಎಂದರೆ ಸುಮಾರು 269 ಚದರಡಿ. ಅಜ್ಜಂದಿರ ಲೆಕ್ಕದಲ್ಲಿ ನಾಲ್ಕಂಕಣದ ಮನೆ. ಒಂದಂಕಣದಲ್ಲಿ ಬದುಕಿದವರ ಮೊಮ್ಮಕ್ಕಳಿಗೆ ನಾಲ್ಕಂಕಣ. ಇದು ಸಣ್ಣ ಮಾತಲ್ಲ. ಸಾಲದು ಎನ್ನುವುದೂ ಸುಳ್ಳಲ್ಲ.

2011ರ ಜನಗಣತಿಯವರು ಮನೆ ಮನೆಗೆ ಬಂದು ವಾಸದ ಕೋಣೆ ಎಷ್ಟು ಎಂದು ಬರೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಅವರ ಪ್ರಕಾರ ಉದ್ದ 2 ಮೀಟರ್, ಅಗಲ ಒಂದೂವರೆ ಮೀಟರ್, ಎತ್ತರ 2 ಮೀಟರ್ ಇದ್ದು, ಗೋಡೆ, ಬಾಗಿಲು, ಮಾಡು ಇದ್ದರೆ ಅದು ಕೋಣೆ. ಒಬ್ಬರು ಚಾಪೆ ಹಾಸಿ ಮಲಗುವಷ್ಟು. ಅಡಿಗೆ ಮನೆ, ಬಚ್ಚಲು, ಉಗ್ರಾಣಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಮಲಗುವ ಲೆಕ್ಕಕ್ಕೆ ಇದು ಸರಿಯೇ. ಆದರೆ ಮನೆಯ ಹೆಂಗಸರು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಹೆಚ್ಚು ಹೊತ್ತು ಇರುವ ಜಾಗ ಲೆಕ್ಕದ ಪುಸ್ತಕದಲ್ಲಿ ಕೋಣೆಯೇ ಅಲ್ಲ.

ನಾವು ಇಷ್ಟೆಲ್ಲ ಹೇಳಿದ್ದು ಈ ಮಾತಿಗೆ ಬರಲಿಕ್ಕೆ. ತೊಲೆಯ ಕಾಲದಿಂದ ತಾರಸಿಯ ಕಾಲದವರೆಗೆ ಎಲ್ಲ ಕೋಣೆಗಳೂ ಬೆಳೆದಿವೆ ಅಥವಾ ಹೊಸದಾಗಿ ಹುಟ್ಟಿವೆ. ಅಡಿಗೆ ಮನೆ ಮಾತ್ರ ಯಾವತ್ತೂ ಉಳಿದ ಜಾಗದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಬಂದಾಗ ಹೊಗೆ ಕೊಳವೆ ಹತ್ತಿ ಹೋಯಿತು, ಗ್ಯಾಸು ಬಂದಾಗ ಸೌದೆಯ ರಾಶಿಯೂ ಹೋಯಿತು. ಇನ್ನು ಅಷ್ಟು ಜಾಗ ಏಕೆ ಎಂದು ಅಡಿಗೆ ಮನೆಯನ್ನು ಇನ್ನೂ ಕಿರಿದು ಮಾಡಿದೆವು. ಒರಳುಕಲ್ಲು, ಬೀಸುಕಲ್ಲು ಹೋದ ಜಾಗಕ್ಕೆ ಮಿಕ್ಸಿ, ಫ್ರಿಜ್ಜು, ನೀರಿನ ಫಿಲ್ಟರು, ಸಿಲಿಂಡರು ಬಂದದ್ದನ್ನು ನಕ್ಷೆ ಬರೆಯುವವರು ನೋಡಲಿಲ್ಲ. ಆರಡಿ ಅಗಲದ ಅಡಿಗೆ ಮನೆಯಲ್ಲಿ ಒಲೆಕಟ್ಟೆಗೆ ಎರಡಡಿ, ಎದುರು ಫ್ರಿಜ್ಜಿಗೆ ಎರಡಡಿ ಬೇಕು. ನಡುವೆ ಉಳಿದ ಎರಡಡಿಯಲ್ಲಿ ಅತ್ತೆ ನಿಂತರೆ ಸೊಸೆ ಹೊರಗೆ, ಸೊಸೆ ನಿಂತರೆ ಅತ್ತೆ ಹೊರಗೆ. ಬಿಸಿ ಅನ್ನದ ಪಾತ್ರೆ ಹಿಡಿದು ತಿರುಗಲು ಜಾಗ ಇಲ್ಲ. ಬಚ್ಚಲಿನ ಪಾಡೂ ಅದೇ. ವಯಸ್ಸಾದವರನ್ನು ಕೈಹಿಡಿದು ಸ್ನಾನ ಮಾಡಿಸುವುದಾದರೆ 19 ಚದರಡಿಯಲ್ಲಿ ಇಬ್ಬರು ನಿಲ್ಲುವುದೇ ಕಷ್ಟ.

ಇದಕ್ಕೆ ಕಾಲವೂ ಒತ್ತಾಯ ಮಾಡುತ್ತಿದೆ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಪ್ರಕಟಿಸಿತು. ಅಲ್ಲಿ ದುಡಿದ ನಮ್ಮ ಊರುಗಳ ಕೆಲವರು ಕ್ವಾರ್ಟರ್ಸ್ ಬಿಟ್ಟು ಪಾಲಿಗೆ ಬಂದ ಮೂರು ನಾಲ್ಕು ಅಂಕಣಕ್ಕೆ ಮರಳಿದ್ದಾರೆ, ಮನೆ ರಿಪೇರಿಗೆ, ಹೊಸ ಮನೆಗೆ ಸಾಲ ಕೇಳುತ್ತಿದ್ದಾರೆ. ಜೊತೆಗೆ ಅರವತ್ತು ದಾಟಿದ ತಂದೆ ತಾಯಿ. ಇವರು ಈಗ ಹಾಕುವ ಗೋಡೆ ಮುಂದಿನ ಐವತ್ತು ವರ್ಷಕ್ಕೆ ಇರತಕ್ಕದ್ದು.

ಸಂಘದ ಮನೆ ಸಾಲದ ಅರ್ಜಿಯಲ್ಲಿ ಈಗ ಒಟ್ಟು ಚದರ ಎಷ್ಟು, ಎಸ್ಟಿಮೇಟು ಎಷ್ಟು ಎಂಬ ಎರಡೇ ಕಾಲಂ ಇವೆ. ಅಡಿಗೆ ಮನೆ, ಬಚ್ಚಲು, ಹಿರಿಯರು ಮಲಗುವ ಕೋಣೆಗಳ ಉದ್ದ ಅಗಲವನ್ನು ಬೇರೆ ಬೇರೆ ಬರೆಯುವ ಇನ್ನು ಮೂರು ಕಾಲಂ ಸೇರಿಸಬೇಕೆಂದೂ, ನಕ್ಷೆಯನ್ನು ಮನೆಯ ಹೆಂಗಸರೂ ನೋಡಿ ರುಜು ಹಾಕಬೇಕೆಂದೂ ನಾವು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಸಾಲ ಕೊಡದಿರುವುದಕ್ಕೆ ಇದೊಂದು ನೆಪವಾಗಬಾರದು ಎಂದೂ ಹೇಳಿದ್ದೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ. ಸದಸ್ಯ ಬಾಂಧವರು ಸಭೆಗೆ ಬರುವಾಗ ತಮ್ಮ ತಮ್ಮ ಮನೆಯ ಅಡಿಗೆ ಮನೆಯನ್ನು ಗೋಡೆಯ ಒಳಮೈಯಿಂದ ಅಳೆದು, ಒಂದು ಚೀಟಿಯಲ್ಲಿ ಬರೆದು ತಂದರೆ ಅನುಕೂಲವಾಗುತ್ತದೆ. ಟೇಪು ಇಲ್ಲದವರಿಗೆ ಸಂಘದ ಕಚೇರಿಯಲ್ಲಿ ಸಿಗುತ್ತದೆ.